ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನುವ ಮಗುವಿಗೆ

ನೋಡು ಮಗೂ, ನಾನು ನಿನ್ನನ್ನು ಗಮನಿಸುತ್ತಲೇ ಇದ್ದೇನೆ. ಭಾನುವಾರ ಪೂಜೆಗೆ ತಪ್ಪದೆ ಬರುತ್ತೀಯ. ಆದರೆ ಬಾಗಿಲ ಪಕ್ಕದ ಕೊನೇ ಬೆಂಚು ಬಿಟ್ಟು ಒಂದು ಹೆಜ್ಜೆ ಮುಂದೆ ಬರುವುದಿಲ್ಲ. ಹಾಡಿಗೆ ದನಿಗೂಡಿಸುತ್ತೀಯ, ಕಾಣಿಕೆ ಚೀಲಕ್ಕೆ ನೋಟು ಹಾಕುತ್ತೀಯ, ಪಕ್ಕದವರಿಗೆ ಕೈಮುಗಿದು ಶಾಂತಿ ಕೋರುತ್ತೀಯ. ಪರಮಪ್ರಸಾದಕ್ಕೆ ಸಾಲು ಹೊರಟಿತೋ, ಮೊಣಕಾಲು ಪಕ್ಕಕ್ಕೆ ತಿರುಗಿಸಿ ಉಳಿದವರಿಗೆ ದಾರಿ ಬಿಟ್ಟು ಅಲ್ಲೇ ಕುಳಿತುಬಿಡುತ್ತೀಯ. ಮೊನ್ನೆ ನಿಮ್ಮಮ್ಮ ಮೆಲ್ಲಗೆ ತಿವಿದಾಗ ಶೂ ಲೇಸು ಕಟ್ಟುವ ನೆವ ಮಾಡಿ ಬಗ್ಗಿದೆ. ಲೇಸು ಬಿಚ್ಚಿರಲಿಲ್ಲ, ನಾನು ನೋಡಿದೆ.

ಏನು ಮಾಡಿಕೊಂಡಿದ್ದೀಯ ಅಂತ ನಾನು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ಬೇರೆ ಇದ್ದಾರೆ. ‘ಯಾವ ಮುಖ ಇಟ್ಕೊಂಡು ದೇವರ ಹತ್ರ ಹೋಗ್ಲಿ ಅಜ್ಜಿ?’ ಅಂತ ಒಂದು ದಿನ ನೀನೇ ಬಾಯಿ ಬಿಟ್ಟೆಯಲ್ಲ, ಅದಕ್ಕೆ ಈ ಮಾತು. ಇರುವ ಮುಖ ಇಟ್ಟುಕೊಂಡೇ ಹೋಗು. ಬೇರೆ ಮುಖ ಎಲ್ಲಿಂದ ತರುತ್ತೀಯ?

ನಿನ್ನ ಗುಣ ನನಗೆ ಗೊತ್ತು. ಒಳ್ಳೆಯ ಮಗು ನೀನು, ಆದರೆ ಎಲ್ಲದಕ್ಕೂ ಆತುರ. ಅನ್ನ ಬೇಯುವ ಮುಂಚೆ ತಟ್ಟೆ ಹಾಕಿಕೊಂಡು ಕೂರುವವರ ಪೈಕಿ. ಆ ಆತುರವನ್ನೇ ನಿನ್ನ ಮೇಲೂ ತೋರಿಸಿದ್ದೀಯ. ತಪ್ಪು ಮಾಡಿದ್ದು ಒಂದು ರಾತ್ರಿ. ಬೆಳಗಾಗುವುದರೊಳಗೆ ವಿಚಾರಣೆಯೂ ಮುಗಿಯಿತು, ತೀರ್ಪೂ ಬಂತು: ‘ನನಗೆ ಕ್ಷಮೆ ಇಲ್ಲ.’ ಆ ನ್ಯಾಯಾಧೀಶರ ಕುರ್ಚಿಯಲ್ಲಿ ನಿನ್ನನ್ನು ಕೂರಿಸಿದವರು ಯಾರಪ್ಪಾ? ಅದು ನಿನ್ನ ಕುರ್ಚಿಯಲ್ಲ. ಎದ್ದೇಳು.

ಇನ್ನೊಂದು ಮಾತೂ ನಿನ್ನ ಬಾಯಲ್ಲಿ ಓಡಾಡುತ್ತಿದೆ. ‘ಸ್ವಲ್ಪ ಸರಿಹೋಗಿ ಆಮೇಲೆ ಬರ್ತೀನಿ.’ ಯಾವಾಗ ಸರಿಹೋಗುತ್ತೀಯ? ಹೊಸ ವರ್ಷಕ್ಕೆ? ತಪಸ್ಸುಕಾಲಕ್ಕೆ? ಪರೀಕ್ಷೆ ಮುಗಿದ ಮೇಲೆ? ಕೆಲಸ ಸಿಕ್ಕಿದ ಮೇಲೆ? ಹಾಗೆ ಹೇಳಿಕೊಂಡೇ ತಲೆ ಬೆಳ್ಳಗಾದವರನ್ನು ನಾನು ಕಂಡಿದ್ದೇನೆ. ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯ ಗೊತ್ತಲ್ಲ, ಅವನ ಮನೆಯಲ್ಲಿ ಯೇಸುಸ್ವಾಮಿ ಊಟಕ್ಕೆ ಕುಳಿತಾಗ ಊರಿನ ಮರ್ಯಾದಸ್ಥರು ಮೂಗು ಮುರಿದರು. ಅವರಿಗೆ ಸ್ವಾಮಿ ಕೊಟ್ಟ ಉತ್ತರ ವೈದ್ಯರ ಮಾತು: ಗಟ್ಟಿಮುಟ್ಟಾಗಿರುವವರಿಗೆ ವೈದ್ಯ ಯಾಕೆ ಬೇಕು, ಕಾಯಿಲೆ ಬಿದ್ದವರಿಗೆ ತಾನೇ ಬೇಕು ಅಂತ. ನೀನು ಜ್ವರ ಬಿಟ್ಟ ಮೇಲೆ ಆಸ್ಪತ್ರೆಗೆ ಹೋಗುತ್ತೇನೆ ಅನ್ನುತ್ತಿದ್ದೀಯ.

ಈಗ ನೀನು ಗಮನಿಸದೇ ಇರುವ ಒಂದು ಸಂಗತಿ ಹೇಳುತ್ತೇನೆ. ಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ನಾವೆಲ್ಲ ಒಂದು ಪ್ರಾರ್ಥನೆ ಹೇಳುತ್ತೇವಲ್ಲ, ಅದು ಎಲ್ಲಿಂದ ಬಂತು ಯೋಚಿಸಿದ್ದೀಯಾ? ಕಫೆರ್ನವುಮ್‌ನಲ್ಲಿದ್ದ ರೋಮ್ ಸೈನ್ಯದ ಶತಾಧಿಪತಿಯ ಬಾಯಿಂದ. ಅವನು ಯೆಹೂದ್ಯನಲ್ಲ, ನಾಡನ್ನು ಹಿಡಿದಿದ್ದ ಸೈನ್ಯದವನು. ಮನೆಯಲ್ಲಿ ಅವನ ಆಳು ಸಾಯುವ ಸ್ಥಿತಿಯಲ್ಲಿ ಮಲಗಿದ್ದ. ಸ್ವಾಮಿ ಮನೆಗೇ ಹೊರಟರು ಅಂದಾಗ ಅವನು ಬೇಡ ಅಂದ. ನಿಮ್ಮಂಥವರು ಬರುವಷ್ಟು ಯೋಗ್ಯತೆ ನನ್ನ ಮನೆಗಿಲ್ಲ, ಇದ್ದಲ್ಲಿಂದಲೇ ಒಂದು ಮಾತು ಹೇಳಿ ಸಾಕು ಅಂದ. ಅಷ್ಟು ನಂಬಿಕೆಯನ್ನು ತಮ್ಮ ಜನರಲ್ಲೂ ಕಾಣಲಿಲ್ಲ ಅಂತ ಸ್ವಾಮಿ ಬೆರಗಾದರು. ಆಳು ಎದ್ದು ಕುಳಿತ.

ಅವನ ಆ ಮಾತನ್ನೇ ನಾವು ಪೂಜೆಯಲ್ಲಿ ಹೇಳುವುದು. ಪೀಠದ ಹಿಂದೆ ನಿಂತ ಗುರುಗಳೂ ಹೇಳುತ್ತಾರೆ. ರೋಮ್‌ನಲ್ಲಿ ಪೋಪ್ ಕೂಡ ಹೇಳುತ್ತಾರೆ. ಮುಂದಿನ ಬೆಂಚಿನಲ್ಲಿ ಜಪಮಾಲೆ ಹಿಡಿದು ಕುಳಿತ ನಾವು ಮುದುಕಿಯರೂ ಹೇಳುತ್ತೇವೆ. ನಮಗೆ ಯೋಗ್ಯತೆ ಇಲ್ಲ ಅಂತ ದೇವಾಲಯಕ್ಕೆ ದೇವಾಲಯವೇ ಒಂದೇ ದನಿಯಲ್ಲಿ ಒಪ್ಪಿಕೊಂಡು, ಮರುಕ್ಷಣ ಎದ್ದು ಸಾಲಿನಲ್ಲಿ ನಿಲ್ಲುತ್ತದೆ. ಹಾಗೆ ಹೇಳಿದವರನ್ನು ಹೋಗಿ ಕೂತ್ಕೊಳ್ಳಿ ಅಂತ ಯಾರೂ ಕಳಿಸುವುದಿಲ್ಲ. ನೀನೂ ಕೊನೇ ಬೆಂಚಿನಿಂದ ಅದನ್ನೇ ಹೇಳುತ್ತಿದ್ದೀಯ ಮಗೂ. ಹೇಳಿ ಕುಳಿತುಬಿಡುತ್ತಿದ್ದೀಯ, ಅಷ್ಟೇ ವ್ಯತ್ಯಾಸ.

ತಪ್ಪು ತಿಳಿಯಬೇಡ. ದೊಡ್ಡ ಪಾಪ ಮನಸ್ಸಲ್ಲಿಟ್ಟುಕೊಂಡು ನೇರ ಪರಮಪ್ರಸಾದಕ್ಕೆ ನುಗ್ಗು ಅನ್ನುತ್ತಿಲ್ಲ. ಮೊದಲು ಪಾಪನಿವೇದನೆ, ಆಮೇಲೆ ಪ್ರಸಾದ. ಆ ಕ್ರಮ ಸರಿಯಾದದ್ದು, ನೀನು ಕುಳಿತಿರುವುದರಲ್ಲಿ ಒಂದು ಭಯಭಕ್ತಿ ಇದೆ, ಅದು ನನಗೆ ಮೆಚ್ಚುಗೆಯೇ. ಆದರೆ ಪಾಪನಿವೇದನೆಗೂ ಹೋಗದೆ, ಬೆಂಚು ಬಿಟ್ಟೂ ಏಳದೆ, ತಿಂಗಳುಗಟ್ಟಲೆ ಅಲ್ಲೇ ಬೇರು ಬಿಟ್ಟರೆ ಹೇಗೆ?

ಪೇತ್ರ ಮತ್ತು ಯೂದ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡು. ಇದನ್ನು ಚಿಕ್ಕಂದಿನಿಂದ ಕೇಳಿದ್ದೀಯ, ಆದರೆ ಕೇಳಿದ್ದು ಬೇರೆ, ಕುಳಿತು ಯೋಚಿಸುವುದು ಬೇರೆ. ಇಬ್ಬರೂ ಮೂರು ವರ್ಷ ಸ್ವಾಮಿಯ ಜೊತೆ ನಡೆದವರು, ಒಂದೇ ತಟ್ಟೆಗೆ ಕೈ ಹಾಕಿದವರು. ಸ್ವಾಮಿ ಸೆರೆಯಾದ ಆ ಗುರುವಾರ ರಾತ್ರಿ ಇಬ್ಬರೂ ಅವರ ಕೈ ಬಿಟ್ಟರು. ಯೂದ ಮೂವತ್ತು ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ. ಪೇತ್ರ ನಯಾಪೈಸೆ ಇಲ್ಲದೆ ಬಿಟ್ಟುಕೊಟ್ಟ! ಜೈಲಿಗಾದರೂ ಸರಿ ಸಾವಿಗಾದರೂ ಸರಿ ನಿಮ್ಮ ಹಿಂದೆಯೇ ಅಂತ ಊಟದ ಹೊತ್ತಿಗೆ ಎದೆ ತಟ್ಟಿಕೊಂಡವನು, ಕೋಳಿ ಕೂಗುವ ಹೊತ್ತಿಗೆ ಅವರು ಯಾರೋ ನನಗೆ ಗೊತ್ತೇ ಇಲ್ಲ ಅಂದ. ಖಡ್ಗ ಹಿಡಿದವರ ಎದುರಲ್ಲ, ಅಂಗಳದಲ್ಲಿ ಕೆಂಡಕ್ಕೆ ಮೈ ಕಾಯಿಸಿಕೊಳ್ಳುತ್ತಿದ್ದಾಗ ಗುರುತು ಹಿಡಿದ ಮನೆಯಾಳು ಹೆಣ್ಣುಮಗಳ ಎದುರು. ಮಾತಿನ ಧಾಟಿಯಿಂದಲೇ ಗಲಿಲಾಯದವನು ಅಂತ ಗುರುತು ಹತ್ತಿದಾಗ ಆಣೆ ಇಟ್ಟುಕೊಂಡು, ಶಾಪ ಹಾಕಿಕೊಂಡು ಸುಳ್ಳು ಹೇಳಿದ. ಮೂರು ಸಲ.

ಇಬ್ಬರೂ ಪಶ್ಚಾತ್ತಾಪಪಟ್ಟರು. ಇಲ್ಲೇ ನೀನು ನಿಧಾನಿಸಬೇಕು. ಯೂದನಿಗೆ ಮನಸ್ಸು ಕಲ್ಲಾಗಿತ್ತು ಅಂತ ನಾವು ಸುಲಭವಾಗಿ ಅಂದುಕೊಂಡುಬಿಡುತ್ತೇವೆ. ಶುಭಸಂದೇಶ ಹಾಗೆ ಹೇಳುವುದಿಲ್ಲ. ಸ್ವಾಮಿಗೆ ಮರಣದಂಡನೆ ಆಯಿತು ಅಂತ ಗೊತ್ತಾದ ಕೂಡಲೇ ಅವನ ಕರುಳು ಕಿವುಚಿತು ಅಂತ ಮತ್ತಾಯ ಬರೆಯುತ್ತಾನೆ. ದುಡ್ಡು ವಾಪಸ್ ತಂದ. ತಪ್ಪು ಮಾಡಿದೆ, ನಿರಪರಾಧಿಯನ್ನು ಹಿಡಿದುಕೊಟ್ಟೆ ಅಂತ ಬಾಯಿಬಿಟ್ಟು ಒಪ್ಪಿಕೊಂಡ. ಪಾಪನಿವೇದನೆಗೆ ಬೇಕಾದದ್ದೆಲ್ಲ ಅವನ ಹತ್ತಿರ ಇತ್ತು. ಆದರೆ ಹೇಳಿಕೊಂಡದ್ದು ಯಾರ ಹತ್ತಿರ? ವ್ಯಾಪಾರ ಕುದುರಿಸಿದ ಆ ಯಾಜಕರ ಹತ್ತಿರ. ಅದು ನಿನ್ನ ಹಣೆಬರಹ, ನಮಗೇನು ಅಂತ ಅವರು ಕೈ ತೊಳೆದುಕೊಂಡರು. ನಾಣ್ಯ ಮಂದಿರದಲ್ಲಿ ಎಸೆದು ಹೋದವನು ನೇಣು ಹಾಕಿಕೊಂಡ. ಯಾರಿಗೆ ದ್ರೋಹ ಮಾಡಿದ್ದನೋ ಅವರ ಮುಖವನ್ನು ಇನ್ನೊಂದು ಸಲ ನೋಡಲೇ ಇಲ್ಲ.

ಪೇತ್ರನೂ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ. ಆದರೆ ಊರು ಬಿಟ್ಟು ಹೋಗಲಿಲ್ಲ. ಉಳಿದವರ ಜೊತೆಗೇ ಇದ್ದ. ಅವರಿಗೆ ಮುಖ ತೋರಿಸುವುದೂ ಸುಲಭವಾಗಿರಲಿಲ್ಲ ಅಂದುಕೋ. ಎಲ್ಲರಿಗಿಂತ ಜೋರಾಗಿ ಕೊಚ್ಚಿಕೊಂಡವನು ಅವನೇ ತಾನೇ. ಆಮೇಲೆ ಒಂದು ಬೆಳಗಿನ ಜಾವ ತಿಬೇರಿಯ ಸರೋವರದಲ್ಲಿ ರಾತ್ರಿಯಿಡೀ ಬಲೆ ಹಾಕಿ ಏನೂ ಸಿಗದೆ ಕುಳಿತಿದ್ದಾಗ, ದಡದಲ್ಲಿ ನಿಂತಿರುವುದು ಸ್ವಾಮಿ ಅಂತ ಗೊತ್ತಾಯಿತು. ದೋಣಿ ದಡ ಸೇರುವವರೆಗೂ ಕಾಯಲಿಲ್ಲ ಆ ಮನುಷ್ಯ. ಅಂಗಿ ಸುತ್ತಿಕೊಂಡು ನೀರಿಗೆ ಧುಮುಕಿದ. ಈಜುವವರು ಅಂಗಿ ತೆಗೆದು ಹಾರುತ್ತಾರೆ, ಇವನು ಹಾಕಿಕೊಂಡು ಹಾರಿದ. ಆತುರ ಅಂದರೆ ಇದು. ನಿನ್ನ ಆತುರವನ್ನು ಈ ಕಡೆಗೆ ತಿರುಗಿಸಿದ್ದರೆ ನನಗೆ ಇಷ್ಟು ಮಾತಾಡುವ ಕೆಲಸವೇ ಇರುತ್ತಿರಲಿಲ್ಲ.

ದಡದಲ್ಲಿ ಸ್ವಾಮಿ ಕೆಂಡ ಮಾಡಿ ಮೀನು ಸುಡುತ್ತಿದ್ದರು, ರೊಟ್ಟಿ ಇಟ್ಟಿದ್ದರು. ಬನ್ನಿ ತಿನ್ನಿ ಅಂದರು. ಪೇತ್ರ ಸುಳ್ಳು ಹೇಳಿದ್ದೂ ಕೆಂಡದ ಪಕ್ಕದಲ್ಲೇ ಅಂತ ಯೊವಾನ್ನ ಬರೆದಿದ್ದಾನೆ, ಮರೆಯಬೇಡ. ತಿಂಡಿ ಮುಗಿದ ಮೇಲೆ ಸ್ವಾಮಿ ಕೇಳಿದ್ದು ಒಂದೇ ಪ್ರಶ್ನೆ, ನನ್ನ ಮೇಲೆ ಪ್ರೀತಿ ಇದೆಯಾ ಅಂತ. ಮೂರು ಸಲ ಕೇಳಿದರು. ಇಲ್ಲ ಅಂದ ಒಂದೊಂದು ಸಲಕ್ಕೂ ಹೌದು ಅನ್ನಲು ಒಂದೊಂದು ಅವಕಾಶ. ಯಾಕೆ ಹಾಗೆ ಮಾಡಿದೆ ಅಂತ ಕೇಳಲಿಲ್ಲ. ಇನ್ನು ಮುಂದೆ ಹೀಗಾಗಲ್ಲ ಅಂತ ಬರೆದುಕೊಡು ಅನ್ನಲಿಲ್ಲ. ಬದಲಿಗೆ ತಮ್ಮ ಕುರಿಗಳನ್ನು ನೋಡಿಕೋ ಅಂತ ಜವಾಬ್ದಾರಿ ವಹಿಸಿದರು. ಕೈ ಕೊಟ್ಟವನ ಕೈಗೇ ಮಂದೆ ಕೊಟ್ಟರು.

ಕನಕಪುರದ ಕಡೆ ಹಾರೋಬೆಲೆ ಅಂತ ಊರಿದೆ. ಅಲ್ಲಿ ಕಪಾಲಬೆಟ್ಟದಲ್ಲಿ ಶುಭಶುಕ್ರವಾರದ ಹೊತ್ತಿಗೆ ಊರವರೇ ವೇಷ ಕಟ್ಟಿ ಯೇಸುಸ್ವಾಮಿಯ ಪಾಡಿನ ‘ಮಹಿಮೆ’ ನಾಟಕ ಆಡುತ್ತಾರೆ. ಅವಕಾಶ ಸಿಕ್ಕರೆ ಒಂದು ಸಲ ಹೋಗಿ ಬಾ. ಪಾಡಿನ ನಾಟಕ ಎಲ್ಲೇ ಆಡಲಿ, ಯೂದ ಬಂದಾಗ ಜನ ಶಾಪ ಹಾಕುತ್ತಾರೆ. ನಾನು ಮಾತ್ರ ಅವನಿಗೆ ಯಾರಾದರೂ ಒಬ್ಬರು ‘ಇನ್ನು ಮೂರು ದಿನ ತಡಿ ಮಾರಾಯ’ ಅಂತ ತೋಳು ಹಿಡಿದು ನಿಲ್ಲಿಸಬಾರದಿತ್ತಾ ಅಂತ ಹಂಬಲಿಸುತ್ತೇನೆ. ಭಾನುವಾರ ಬರುವುದಿತ್ತು. ಶುಕ್ರವಾರಕ್ಕೇ ಎಲ್ಲ ಮುಗಿಯಿತು ಅಂದುಕೊಂಡುಬಿಟ್ಟ.

ನಮ್ಮ ಬೀದಿಯ ಒಬ್ಬರ ವಿಷಯ ಹೇಳುತ್ತೇನೆ, ಹೆಸರು ಬೇಡ. ಕುಡಿತ ಇತ್ತು, ಕುಡಿದ ಅಮಲಿನಲ್ಲಿ ಮನೆಯಲ್ಲಿ ಮಾಡಬಾರದ್ದು ಮಾಡಿದ್ದರು. ಕುಡಿತ ಬಿಟ್ಟ ಮೇಲೂ ದೇವಾಲಯದೊಳಗೆ ಬರಲಿಲ್ಲ. ಪ್ರತಿ ಭಾನುವಾರ ಹೆಂಡತಿ ಮಕ್ಕಳನ್ನು ಸ್ಕೂಟರಿನಲ್ಲಿ ತಂದು ಗೇಟಿನ ಹತ್ತಿರ ಇಳಿಸಿ, ತಾವು ಹೊರಗೆ ಹೊಂಗೆ ಮರದ ಕೆಳಗೆ ಸ್ಕೂಟರಿನ ಮೇಲೇ ಕೂರುತ್ತಿದ್ದರು. ಪೂಜೆ ಮುಗಿಯುವವರೆಗೂ. ಮೈಕಿನಲ್ಲಿ ಪ್ರಬೋಧನೆ ಕೇಳಿಸುತ್ತಿತ್ತು. ಹಾಡು ಬಂದರೆ ತುಟಿ ಅಲ್ಲಾಡುತ್ತಿತ್ತು. ಒಳಗೆ ಬನ್ನಿ ಅಂದರೆ, ‘ಬೇಡಮ್ಮ, ನನ್ನಂಥವನಿಗೆ ಇಷ್ಟೇ ಸಾಕು’ ಅನ್ನುತ್ತಿದ್ದರು. ಅದು ವಿನಯ ಅಂತ ಎಲ್ಲರೂ ಅಂದುಕೊಂಡಿದ್ದೆವು. ವಿನಯವಲ್ಲ ಅದು, ತನ್ನ ಶಿಕ್ಷೆಯನ್ನು ತಾನೇ ಬರೆದುಕೊಂಡು ತಾನೇ ಅನುಭವಿಸುವ ಹಟ.

ಕೊನೆಗೆ ಅವರನ್ನು ಒಳಗೆ ತಂದದ್ದು ಬೂದಿ ಬುಧವಾರ. ಆ ದಿನ ನೋಡಿದ್ದೀಯಲ್ಲ, ವರ್ಷವಿಡೀ ಕಾಣದ ಮುಖಗಳೆಲ್ಲ ಬರುತ್ತವೆ. ಹೋದ ವರ್ಷದ ಗರಿಗಳ ಭಾನುವಾರದ ಒಣಗರಿ ಸುಟ್ಟ ಬೂದಿ. ಅದನ್ನು ಹಚ್ಚಿಸಿಕೊಳ್ಳಲು ಯೋಗ್ಯತೆಯ ಪ್ರಶ್ನೆಯೇ ಬರುವುದಿಲ್ಲ, ಪಾಪಿಗಳಿಗೇ ಅಂತ ಇಟ್ಟದ್ದು. ಮಗಳು ಅಪ್ಪನ ಕೈ ಹಿಡಿದು ಎಳೆದುಕೊಂಡು ಸಾಲಿಗೆ ನಿಲ್ಲಿಸಿದಳು. ಗುರುಗಳ ಹೆಬ್ಬೆರಳು ಹಣೆಗೆ ತಗುಲಿದಾಗ ಆ ದೊಡ್ಡ ಆಳು ನಿಂತಲ್ಲೇ ನಡುಗಿಬಿಟ್ಟರು. ಆ ವಾರದಲ್ಲೇ ಪಾಪನಿವೇದನೆ ಮಾಡಿದರು. ಒಳಗೆ ಬಂದ ಮೇಲೆ ಅವರ ಬಾಯಲ್ಲಿ ಬಂದ ಮಾತು ಒಂದೇ: ಇಷ್ಟಕ್ಕೆ ಇಷ್ಟು ವರ್ಷ ಕಾದೆನಲ್ಲಾ ಅಂತ.

‘ಅವರದು ಬೇರೆ ಅಜ್ಜಿ, ನಂದು ತುಂಬಾ ದೊಡ್ಡದು’ ಅನ್ನುತ್ತೀಯ. ಎಲ್ಲರಿಗೂ ತಮ್ಮದೇ ದೊಡ್ಡದು ಅನ್ನಿಸುತ್ತದೆ. ದಾವೀದ ಅರಸ ಏನು ಮಾಡಿದ ಗೊತ್ತಾ? ತನ್ನ ಸೈನಿಕ ಊರೀಯ ಯುದ್ಧಕ್ಕೆ ಹೋದಾಗ ಅವನ ಹೆಂಡತಿಯನ್ನು ಅರಮನೆಗೆ ಕರೆಸಿಕೊಂಡ. ಅವಳು ಬಸಿರಾದಳು ಅಂತ ಗೊತ್ತಾದ ಮೇಲೆ ಊರೀಯನನ್ನೇ ಮುಗಿಸುವ ಆಜ್ಞೆ ಬರೆದು, ಆ ಕಾಗದವನ್ನು ಊರೀಯನ ಕೈಯಲ್ಲೇ ಸೇನಾಪತಿಗೆ ಕಳಿಸಿದ. ತನ್ನ ಸಾವಿನ ಓಲೆಯನ್ನು ತಾನೇ ಹೊತ್ತು ನಡೆದ ಆ ಬಡಪಾಯಿ. ಇದಕ್ಕಿಂತ ಹೊಲಸು ಕೆಲಸ ನೀನು ಮಾಡಿದ್ದೀಯ ಅಂತ ನಾನು ನಂಬುವುದಿಲ್ಲ. ಪ್ರವಾದಿ ನಾತಾನ ಬಂದು ಒಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡು ಅಡಿಗೆ ಮಾಡಿಸಿದ ಕಥೆ ಹೇಳಿದ. ದಾವೀದನಿಗೆ ಸಿಟ್ಟು ನೆತ್ತಿಗೇರಿತು. ಆ ಮನುಷ್ಯ ನೀನೇ ಅಂದ ನಾತಾನ. ಅರಸ ಬೇಕಾದರೆ ಅವನ ತಲೆ ತೆಗೆಸಬಹುದಿತ್ತು. ನೆಪ ಹೇಳಬಹುದಿತ್ತು. ಎರಡನ್ನೂ ಮಾಡಲಿಲ್ಲ, ದೇವರಿಗೆ ವಿರುದ್ಧವಾಗಿ ಪಾಪ ಮಾಡಿದೆ ಅಂದ, ಅಷ್ಟೇ. ಕ್ಷಮೆ ಆ ಕ್ಷಣದಲ್ಲೇ ಸಿಕ್ಕಿತು. ಕೀರ್ತನೆಗಳಲ್ಲಿ 51ನೆಯದನ್ನು ಈ ಪ್ರಸಂಗಕ್ಕೆ ಸೇರಿದ್ದು ಅಂತ ತಲೆಬರಹ ಕೊಟ್ಟು ಇಟ್ಟಿದ್ದಾರೆ. ರಾತ್ರಿ ನಿದ್ದೆ ಬಾರದಿದ್ದರೆ ಮೊಬೈಲು ತಿಕ್ಕುವುದು ಬಿಟ್ಟು ಅದನ್ನು ಓದು.

ಆದರೆ ದಾವೀದನ ಕಥೆ ಅಲ್ಲಿಗೆ ಮುಗಿಯಲಿಲ್ಲ ಅನ್ನುವುದನ್ನೂ ಹೇಳದೆ ಬಿಟ್ಟರೆ ಅದು ಮೋಸ. ಊರೀಯ ಎದ್ದು ಬರಲಿಲ್ಲ. ಮಗು ತೀರಿಕೊಂಡಿತು. ಅರಮನೆಯಲ್ಲಿ ಮಕ್ಕಳ ಜಗಳ ಕತ್ತಿ ಹಿರಿಯುವವರೆಗೂ ಹೋಯಿತು. ಕ್ಷಮೆ ಸಿಕ್ಕಿತು ಅಂದರೆ ಮಾಡಿದ ಕೆಲಸದ ಪರಿಣಾಮ ಮಾಯವಾಯಿತು ಅಂತಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಆದರೆ ಒಬ್ಬಂಟಿಯಾಗಿ ಕುಡಿಯಬೇಕಾಗಿಲ್ಲ.

ಜಕ್ಕಾಯನನ್ನು ನೋಡು. ಜೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಜನರ ಹೊಟ್ಟೆ ಹೊಡೆದು ದುಡ್ಡು ಮಾಡಿದವನು, ಕುಳ್ಳ ಬೇರೆ. ಸ್ವಾಮಿಯನ್ನು ನೋಡಲು ಅತ್ತಿಮರ ಹತ್ತಿದ. ಸ್ವಾಮಿ ಮೊದಲು ಅವನ ಹೆಸರು ಹಿಡಿದು ಕರೆದರು, ಮನೆಗೆ ಬರುತ್ತೇನೆ ಅಂದರು. ದುಡ್ಡಿನ ಮಾತೇ ಎತ್ತಲಿಲ್ಲ. ಆಮೇಲೆ ಜಕ್ಕಾಯನೇ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಕರೆ ಮೊದಲು, ಲೆಕ್ಕ ಆಮೇಲೆ. ನೀನು ಲೆಕ್ಕ ಚುಕ್ತಾ ಮಾಡಿ ಆಮೇಲೆ ಕರೆಗೆ ಓಗೊಡುತ್ತೇನೆ ಅನ್ನುತ್ತಿದ್ದೀಯ. ಆದರೆ ಲೆಕ್ಕ ಮಾಡದೇ ಬಿಡಲೂಬೇಡ. ಯಾರದ್ದಾದರೂ ದುಡ್ಡು ತಿಂದಿದ್ದರೆ ವಾಪಸ್ ಕೊಡು, ಕಂತಿನಲ್ಲಾದರೂ ಸರಿ. ಯಾರ ಬಗ್ಗೆಯಾದರೂ ವಾಟ್ಸಾಪ್ ಗುಂಪಿನಲ್ಲಿ ಸುಳ್ಳು ಹಬ್ಬಿಸಿದ್ದರೆ ಅದೇ ಗುಂಪಿನಲ್ಲಿ ಅದು ಸುಳ್ಳು ಅಂತ ಬರೆ. ಮುಚ್ಚಿದ ಕೋಣೆಯಲ್ಲಿ ದೇವರಿಗೆ ಕ್ಷಮಿಸು ಅಂದು, ಬೀದಿಯಲ್ಲಿ ಆ ಸುಳ್ಳಿಗೆ ಸಿಕ್ಕವರ ಹೆಸರು ಹಾಳಾಗಿಯೇ ಉಳಿಯಲು ಬಿಡುವುದು ನ್ಯಾಯವಲ್ಲ. ಪಾಪನಿವೇದನೆಯಲ್ಲಿ ಕ್ಷಮೆ ಪಡೆದರೂ ಕದ್ದದ್ದನ್ನು ಮರಳಿಸುವುದು, ಕೆಡಿಸಿದ ಹೆಸರನ್ನು ಸರಿಪಡಿಸುವುದು ನಿನ್ನ ತಲೆ ಮೇಲೇ ಇರುತ್ತದೆ ಅಂತ ಧರ್ಮಸಭೆ ಕಡ್ಡಿ ಮುರಿದ ಹಾಗೆ ಹೇಳುತ್ತದೆ.

ಇನ್ನೊಂದು ಮಾತು, ಇದನ್ನು ಮೆಲ್ಲಗೆ ಹೇಳುತ್ತೇನೆ. ಬೇರೆಯವರು ನಿನಗೆ ಮಾಡಿದ ಅನ್ಯಾಯವನ್ನು ನಿನ್ನ ಪಾಪ ಅಂತ ಹೊತ್ತುಕೊಂಡು ತಿರುಗಬೇಡ. ಎಷ್ಟೋ ಹೆಣ್ಣುಮಕ್ಕಳು, ಗಂಡುಮಕ್ಕಳೂ ಸಹ, ಚಿಕ್ಕಂದಿನಲ್ಲಿ ಯಾರೋ ದೊಡ್ಡವರು ಕೈ ಇಟ್ಟದ್ದಕ್ಕೆ ತಾವೇ ಕೊಳಕು ಅಂದುಕೊಂಡು ದೇವರಿಂದ ಮುಖ ಮುಚ್ಚಿಕೊಂಡಿರುತ್ತಾರೆ. ಅದಕ್ಕೆ ನೀನು ಕ್ಷಮೆ ಕೇಳಬೇಕಾಗಿಲ್ಲ. ಕೇಳಬೇಕಾದವರು ಅವರು. ನಿನಗೆ ಬೇಕಾದದ್ದು ನಿನ್ನ ಮಾತು ನಂಬಿ ನಿನ್ನ ಪಕ್ಕ ನಿಲ್ಲುವ ಒಬ್ಬರು. ಅಂಥವರನ್ನು ಹುಡುಕಿ ಹೇಳಿಕೋ. ಯಾರೂ ಸಿಗದಿದ್ದರೆ ನನ್ನ ಹತ್ತಿರ ಬಾ.

ಪಾಪನಿವೇದನೆ ಅಂದರೆ ನಿನಗೆ ಭಯ ಅಂತ ಗೊತ್ತು. ಗುರುಗಳು ಏನಂದುಕೊಳ್ಳುತ್ತಾರೋ, ನಾಳೆ ಎದುರು ಸಿಕ್ಕರೆ ಹೇಗೆ ಮುಖ ಕೊಡಲಿ ಅಂತ. ನಿನ್ನ ಪಾಪ ಹೊಸದಲ್ಲ ಮಗೂ. ಅವರು ಕೇಳದೇ ಇರುವಂಥದ್ದನ್ನು ನೀನು ಕಂಡುಹಿಡಿದಿದ್ದೀಯ ಅಂತ ನನಗನ್ನಿಸುವುದಿಲ್ಲ. ಇನ್ನು ಗುಟ್ಟಿನ ವಿಷಯ. 1215ರ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು ಅಂತ ವಿಧಿಸಿದಾಗಲೇ, ಕೇಳಿದ್ದನ್ನು ಹೊರಗೆ ಹಾಕುವ ಗುರುಗಳಿಗೆ ಕಠಿಣ ಶಿಕ್ಷೆಯನ್ನೂ ವಿಧಿಸಿತು. ಧರ್ಮಸಭೆಯ ಈಗಿನ ಕಾನೂನಿನಲ್ಲೂ ಪಾಪನಿವೇದನೆಯ ಗುಟ್ಟಿನ ಮುದ್ರೆಯನ್ನು ನೇರವಾಗಿ ಮುರಿದ ಗುರುಗಳು ಆ ಕ್ಷಣಕ್ಕೇ ಬಹಿಷ್ಕಾರಕ್ಕೆ ಒಳಗಾಗುತ್ತಾರೆ. ನಿನ್ನ ಫೋನಿಗೆ ಹಾಕಿದ ಬೀಗಕ್ಕಿಂತ ಅದು ಗಟ್ಟಿ.

ಫ್ರಾನ್ಸಿನ ಆರ್ಸ್ ಅನ್ನುವ ಹಳ್ಳಿಗೆ 1818ರಲ್ಲಿ ಯೊವಾನ್ನ ವಿಯಾನ್ನಿ ಅನ್ನುವ ಗುರುಗಳು ಬಂದರು. ಓದಿನಲ್ಲಿ ಹಿಂದೆ, ಲ್ಯಾಟಿನ್ ತಲೆಗೆ ಹತ್ತಲಿಲ್ಲ ಅಂತ ದೀಕ್ಷೆಯೇ ಕಷ್ಟವಾಗಿತ್ತು. ಅಂಥವರ ಹತ್ತಿರ ಹೇಳಿಕೊಳ್ಳಲು ದೂರದೂರದಿಂದ ಜನ ಬಂದು ದಿನಗಟ್ಟಲೆ ಕಾದರು. 1859ರಲ್ಲಿ ತೀರಿಕೊಳ್ಳುವವರೆಗೂ ದಿನಕ್ಕೆ 16 ಗಂಟೆಯವರೆಗೂ ಅವರು ಪಾಪನಿವೇದನೆಯ ಪುಟ್ಟ ಗೂಡಿನಲ್ಲಿ ಕುಳಿತದ್ದುಂಟು. ಅಷ್ಟು ಜನ ಬಂದದ್ದು ಬೈಸಿಕೊಳ್ಳಲು ಅಂದುಕೊಂಡೆಯಾ?

ನಿನ್ನ ವಯಸ್ಸಿನವರ ಕಥೆಯೇ ಬೇಕಾದರೆ ಅದೂ ಇದೆ. 1953ರ ಸೆಪ್ಟೆಂಬರ್ 21, ಅರ್ಜೆಂಟೀನಾದಲ್ಲಿ ವಿದ್ಯಾರ್ಥಿಗಳ ಹಬ್ಬದ ದಿನ. ಬ್ಯೂನಸ್ ಐರಿಸ್‌ನ ಹುಡುಗನೊಬ್ಬ ಗೆಳೆಯರ ಜೊತೆ ಸುತ್ತಾಡಲು ಹೊರಟಿದ್ದ, ಇನ್ನೂ 17 ತುಂಬಿರಲಿಲ್ಲ. ದಾರಿಯಲ್ಲಿ ತನ್ನ ಧರ್ಮಕೇಂದ್ರದ ದೇವಾಲಯ ಕಂಡಿತು, ಒಳಗೆ ಹೋದ. ಗುರುತಿಲ್ಲದ ಗುರುಗಳೊಬ್ಬರು ಕುಳಿತಿದ್ದರು. ಪಾಪನಿವೇದನೆ ಮಾಡಬೇಕು ಅನ್ನಿಸಿತು, ಮಾಡಿದ. ಹೊರಗೆ ಬಂದವನು ಬೇರೆಯೇ ಮನುಷ್ಯ, ಗುರುವಾಗಬೇಕು ಅಂತ ಅಂದೇ ಅವನಿಗೆ ಅನ್ನಿಸಿದ್ದು. ಆ ಹುಡುಗನೇ ಮುಂದೆ ಪೋಪ್ ಫ್ರಾನ್ಸಿಸ್. ಆ ಸೆಪ್ಟೆಂಬರ್ 21 ಸುಂಕದ ಮತ್ತಾಯನ ಹಬ್ಬದ ದಿನವೂ ಹೌದು. 2013ರಲ್ಲಿ ಪೋಪ್ ಆದಮೇಲೂ ಅವರು ಹೇಳುತ್ತಾ ಬಂದದ್ದು ಇದನ್ನೇ: ಕ್ಷಮಿಸಿ ಕ್ಷಮಿಸಿ ದೇವರು ದಣಿಯುವುದಿಲ್ಲ, ಕೇಳಿ ಕೇಳಿ ನಾವೇ ದಣಿಯುತ್ತೇವೆ ಅನ್ನುವ ಅರ್ಥದ ಮಾತು.

ನಿನ್ನ ಗೆಳೆಯರಲ್ಲಿ ಸಿ.ಎಸ್.ಐ. ಸಭೆಯವರಿದ್ದಾರಲ್ಲ, ಅವರಲ್ಲಿ ಈ ಗೂಡಿನ ಪದ್ಧತಿ ಇಲ್ಲ. ಸಭೆಯೆಲ್ಲ ಸೇರಿ ಒಟ್ಟಿಗೆ ಅರಿಕೆ ಮಾಡಿಕೊಳ್ಳುತ್ತಾರೆ, ಮನೆಯಲ್ಲಿ ಮೊಣಕಾಲೂರಿ ನೇರವಾಗಿ ದೇವರಿಗೆ ಹೇಳಿಕೊಳ್ಳುತ್ತಾರೆ. ಅವರಲ್ಲೂ ನಿನ್ನಂಥವರಿದ್ದಾರೆ, ಅರಿಕೆಯ ಹೊತ್ತಿಗೆ ತುಟಿ ಬಿಗಿದುಕೊಂಡು ನಿಲ್ಲುವವರು. ದಾರಿ ಬೇರೆಯಾದರೂ ಕಾಲು ತಡೆಯುವುದು ಎರಡೂ ಕಡೆ ಅದೇ ಸಂಕೋಚ.

ಹೋದಮೇಲೆ ಸುತ್ತಿ ಬಳಸಿ ಹೇಳಬೇಡ. ‘ಪರಿಸ್ಥಿತಿ ಹಾಗಿತ್ತು, ಗೆಳೆಯರು ಎಳೆದರು’ ಅಂತ ಪುರಾಣ ಬೇಡ. ಕದ್ದಿದ್ದರೆ ಕದ್ದೆ ಅನ್ನು. ಸುಳ್ಳು ಹೇಳಿದ್ದರೆ ಯಾರಿಗೆ ಹೇಳಿದೆ ಅನ್ನು. ಹಾಗಂತ ಚರ್ಮ ಸುಲಿದುಕೊಂಡು ನಾನು ಹುಳ, ನಾನು ಕಸ ಅಂತ ನಾಟಕವೂ ಬೇಡ. ಅತ್ತರೆ ಅಳು, ಅಳು ಬಾರದಿದ್ದರೆ ಪಶ್ಚಾತ್ತಾಪ ಸಾಲದು ಅಂತ ಗಾಬರಿಯಾಗಬೇಡ. ಇದನ್ನು ಬಿಡುತ್ತೇನೆ ಅಂತ ಮನಸ್ಸು ಮಾಡಿ ಹೇಳಿದರೆ ಸಾಕು.

ಮತ್ತೆ ಬಿದ್ದರೆ? ಬೀಳುತ್ತೀಯ. ಎದ್ದು ಮತ್ತೆ ಹೋಗು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ ಕೇಳಿದ ಪೇತ್ರನಿಗೆ ಸ್ವಾಮಿ ಲೆಕ್ಕವೇ ಇಡಲಾಗದಷ್ಟು ದೊಡ್ಡ ಸಂಖ್ಯೆ ಹೇಳಿದರು. ಮನುಷ್ಯರಿಗೆ ಅಷ್ಟು ಕ್ಷಮಿಸು ಅಂದವರು ತಾವು ಅದಕ್ಕಿಂತ ಕಡಿಮೆ ಕ್ಷಮಿಸುತ್ತಾರಾ?

ಆದರೆ ಒಂದು ಸಲ ಹೇಳಿ ಮುಗಿದದ್ದನ್ನು ಕೆದಕಿ ಕೆದಕಿ ಹುಣ್ಣು ಮಾಡಿಕೊಳ್ಳಬೇಡ. ಸಂತ ಇಗ್ನಾಸಿಯವರು 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ತಪಸ್ಸಿಗೆ ಕುಳಿತಾಗ ಇದೇ ಕಾಟಕ್ಕೆ ಸಿಕ್ಕಿಬಿದ್ದರು. ಜೀವನದ ಪಾಪಗಳನ್ನೆಲ್ಲ ಬರೆದು ಒಪ್ಪಿಸಿದ್ದರೂ, ಏನೋ ಬಿಟ್ಟುಹೋಯಿತು, ಸರಿಯಾಗಿ ಹೇಳಲಿಲ್ಲ ಅಂತ ಮತ್ತೆ ಮತ್ತೆ ಹೋದರು. ಊಟ ಬಿಟ್ಟರು. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ಕೊನೆಗೆ ಈ ಕಾಟ ದೇವರಿಂದ ಬಂದದ್ದಲ್ಲ ಅಂತ ಹೊಳೆಯಿತು. ಹಳೆಯ ಪಾಪಗಳನ್ನು ಇನ್ನು ಹೇಳುವುದಿಲ್ಲ ಅಂತ ನಿರ್ಧಾರ ಮಾಡಿ ಎದ್ದರು. ಅತ್ತ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಕೂಡ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಮಾಡಿ ತಮ್ಮ ಗುರು ಸ್ಟೌಪಿಟ್ಸ್ ಅವರನ್ನೇ ಸುಸ್ತು ಮಾಡಿದ್ದರು. ಮುಂದೆ ಇಬ್ಬರ ದಾರಿಯೂ ಬೇರೆಯಾಯಿತು, ಆದರೆ ಇಬ್ಬರೂ ಆ ಗುಂಡಿಯಿಂದ ಎದ್ದದ್ದು ತಮ್ಮ ಯೋಗ್ಯತೆಯನ್ನು ಅಳೆಯುವುದು ಬಿಟ್ಟ ಮೇಲೆ.

ನಿನಗೂ ರಾತ್ರಿ ಹೊತ್ತು ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಅದನ್ನು ಪಶ್ಚಾತ್ತಾಪ ಅಂದುಕೊಳ್ಳಬೇಡ. ಕೂಡಲೇ ಅಮ್ಮನನ್ನು ಎಬ್ಬಿಸು, ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಮನೆಯವರಿಗೆ ಹೇಳಲಾಗದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆಯಾಯಿತು ಅಂತ ಅರ್ಥವಲ್ಲ.

ದುಂದುಗಾರ ಮಗನ ಕಥೆ ನಿನಗೆ ಬಾಯಿಪಾಠ. ಅದರಲ್ಲಿ ಒಂದು ಸಣ್ಣ ಸಂಗತಿ ನೋಡಿಕೋ. ಹಂದಿ ಕಾಯುತ್ತಾ ಕುಳಿತಾಗ ಆ ಹುಡುಗ ಅಪ್ಪನಿಗೆ ಏನು ಹೇಳಬೇಕು ಅಂತ ಮಾತು ಜೋಡಿಸಿಕೊಂಡ. ಪಾಪ ಮಾಡಿದೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ ಅಂತ ಮೂರು ಮಾತು. ದಾರಿಯುದ್ದಕ್ಕೂ ಉರು ಹೊಡೆದಿರಬೇಕು. ಇನ್ನೂ ದೂರದಲ್ಲಿದ್ದಾಗಲೇ ಅಪ್ಪ ನೋಡಿದ, ಓಡಿಬಂದ. ನಮ್ಮಲ್ಲೇ ಆಗಲಿ ಆ ಕಾಲದ ಪ್ಯಾಲೆಸ್ಟೀನಿನಲ್ಲೇ ಆಗಲಿ, ಆಳುಕಾಳು ಇರುವ ಮನೆಯ ಯಜಮಾನ ಬೀದಿಯಲ್ಲಿ ಪಂಚೆ ಎತ್ತಿಕೊಂಡು ಓಡುವುದುಂಟಾ? ಓಡಿದ, ತಬ್ಬಿಕೊಂಡ. ಮಗ ಶುರು ಮಾಡಿದ. ಪಾಪ ಮಾಡಿದೆ ಅಂದ, ಯೋಗ್ಯನಲ್ಲ ಅಂದ. ಮೂರನೆಯ ಮಾತು ಬಾಯಿಂದ ಬರುವ ಮುಂಚೆಯೇ ಅಪ್ಪ ಆಳುಗಳ ಕಡೆ ತಿರುಗಿ ಬಟ್ಟೆ ತನ್ನಿ, ಉಂಗುರ ತನ್ನಿ, ಚಪ್ಪಲಿ ತನ್ನಿ ಅಂತ ಕೂಗಿಯಾಗಿತ್ತು. ಕೂಲಿಯಾಳಿನ ಮಾತನ್ನು ಆಡಲು ಬಿಡಲೇ ಇಲ್ಲ.

ಶನಿವಾರ ಸಂಜೆ ನಮ್ಮಲ್ಲಿ ಗುರುಗಳು ಪಾಪನಿವೇದನೆಗೆ ಕುಳಿತಿರುತ್ತಾರೆ. ನಾನೂ ಹೋಗುವವಳೇ, ಜೊತೆಗೆ ಬಾ. ಪರಿಚಯದ ಗುರುಗಳು ಬೇಡ ಅನ್ನಿಸಿದರೆ ಪಕ್ಕದ ಧರ್ಮಕೇಂದ್ರಕ್ಕೆ ಹೋಗು, ತಪ್ಪೇನಿಲ್ಲ. ಏನು ಹೇಳಬೇಕೋ ಮರೆಯುತ್ತೇನೆ ಅನ್ನಿಸಿದರೆ ಚೀಟಿಯಲ್ಲಿ ಬರೆದುಕೋ, ಮುಗಿದ ಮೇಲೆ ಹರಿದು ಹಾಕು. ಹೋಗಿ ಕುಳಿತಾಗ ಮಾತೇ ಹೊರಡದಿದ್ದರೆ, ‘ಸ್ವಾಮಿ, ತುಂಬಾ ದಿನ ಆಯ್ತು, ಎಲ್ಲಿಂದ ಶುರು ಮಾಡ್ಬೇಕೋ ಗೊತ್ತಾಗ್ತಿಲ್ಲ’ ಅಂತ ಅಷ್ಟೇ ಹೇಳು. ಮುಂದಿನದನ್ನು ಅವರೇ ಒಂದೊಂದಾಗಿ ಕೇಳಿ ಹೇಳಿಸುತ್ತಾರೆ.